ಸೀಸದ ಮೀನು

ಸಂಜೆ ಗೇಟು ಕಿರುಗುಟ್ಟಿದರೆ ಸಾಕು, ಮಗಳು ನನ್ನ ಮಡಿಲಿನಿಂದ ಜಿಗಿದು ಓಡುತ್ತಿದ್ದಳು. ದಿನವಿಡೀ ತಟ್ಟೆ ಹಿಡಿದು ಅವಳ ಹಿಂದೆ ಸುತ್ತುವವಳು ನಾನು, ಮುತ್ತು ಸಿಗುವುದು ಅವರಪ್ಪನಿಗೆ. ಹೊಟ್ಟೆ ಉರಿಯದೆ ಇನ್ನೇನು?

ನನ್ನ ಗಂಡ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಉಳಿದ ಸೀಸವನ್ನು ಮರಳಿನ ಗುಳಿಗೆ ಹೊಯ್ದು ಮೀನು, ಕುದುರೆ, ಬಾತುಕೋಳಿ ಮಾಡಿ ಜೇಬಿನಲ್ಲಿ ತರುತ್ತಿದ್ದರು. ಮಗಳು ಆ ಮಾಸಲು ಅಂಗಿಯ ಜೇಬಿಗೆ ಕೈಹಾಕಿ ತಡಕುವುದೇ ಮನೆಯ ದೊಡ್ಡ ಸಂಭ್ರಮ. ನಾನು ಆಸೆಪಟ್ಟು ಕೊಂಡುತಂದ ಗೊಂಬೆ ಮೂಲೆಯಲ್ಲಿ ಧೂಳು ಹಿಡಿಯುತ್ತಿತ್ತು. ಮೀನು ಮಾತ್ರ ಹಾಸಿಗೆಗೂ ಬರುತ್ತಿತ್ತು, ಬಾಯಿಗೂ ಹೋಗುತ್ತಿತ್ತು.

ಮಗು ಬಿಳಿಚಿಕೊಂಡಿತು. ಹಸಿವಿಲ್ಲ, ಬರೀ ಹೊಟ್ಟೆನೋವು. ಕಬ್ಬಿಣಾಂಶದ ಟಾನಿಕ್ ಕುಡಿಸಿದೆ. ಅದೇ ಟಾನಿಕ್ ಕುಡಿದ ಓರಗಿತ್ತಿಯ ಮಗ ಕೆಂಪಗೆ ಗುಂಡಗಾದ. ಅದಕ್ಕೂ ಹೊಟ್ಟೆ ಉರಿದುಕೊಂಡೆ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಗಂಡನ ಕೆಲಸ ಏನೆಂದು ಕೇಳಿದರು. ಆಮೇಲೆ ಮಗಳ ಮುಷ್ಟಿ ಬಿಡಿಸಿ ಮೀನನ್ನು ಹೊರತೆಗೆದರು.

"ಇದೇ ನೋಡಿ. ಮೈಗೆ ಬೇಕಾದ ಕಬ್ಬಿಣದ ಜಾಗಕ್ಕೆ ಸೀಸ ನುಗ್ಗಿ ಕೂತಿದೆ. ಸತುವಿನ ಕೆಲಸಾನೂ ಕೆಡಿಸ್ತಿದೆ. ಕಬ್ಬಿಣ ಕಮ್ಮಿಯಾದಷ್ಟೂ ಮೈ ಸೀಸಾನ ಇನ್ನೂ ಜಾಸ್ತಿ ಹೀರ್ಕೊಳ್ಳುತ್ತೆ. ಮೊದಲು ಸೀಸ ಬರೋದು ನಿಲ್ಲಿಸಿ, ಆಮೇಲೆ ಟಾನಿಕ್. ಇಲ್ಲಾಂದ್ರೆ ಮಗು ಬುದ್ಧಿಗೂ ಪೆಟ್ಟು ಬೀಳುತ್ತೆ."

ಒಬ್ಬರ ಜಾಗದಲ್ಲಿ ಇನ್ನೊಬ್ಬರು ಬಂದು ಕೂರುವ ಸಂಕಟ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅವತ್ತೇ ಗಂಡ ಆಟಿಕೆಗಳನ್ನೆಲ್ಲ ಡಬ್ಬಿಗೆ ತುಂಬಿ ಒಯ್ದರು. ಮಾರನೆಯ ಸಂಜೆ ಶೆಡ್ಡಿನಲ್ಲೇ ಮಿಂದು, ಬಟ್ಟೆ ಬದಲಿಸಿ ಬಂದರು. ಮಗಳು ಜೇಬು ತಡಕಿದಳು. ಖಾಲಿ.

"ನನ್ನ ಮೀನೆಲ್ಲಿ?"

"ನಾನೇ ತಗೊಂಡು ಹೋದೆ ಪುಟ್ಟಿ. ಇನ್ಮೇಲೆ ತರಲ್ಲ."

ಅವಳು ಅವರ ಎದೆಗೆ ಗುದ್ದಿ, ಓಡಿಬಂದು ನನ್ನ ಮಡಿಲಲ್ಲಿ ಮುಖ ಹುದುಗಿಸಿದಳು. "ಅಪ್ಪ ಬೇಡ. ನೀನೇ ಬೇಕು."

ಈ ಮಾತಿಗಾಗಿ ಎಷ್ಟು ಹಾತೊರೆದಿದ್ದೆ! ಸ್ವರ್ಗಕ್ಕೆ ಮೂರೇ ಗೇಣು ಅನ್ನಿಸಿತು. ಅವರು ಖಾಲಿ ಜೇಬನ್ನು ಒಳಕ್ಕೆ ತುರುಕಿಕೊಳ್ಳುತ್ತ ಬಾಗಿಲಲ್ಲೇ ನಿಂತಿದ್ದರು.

"ಅಪ್ಪಂದೇನೂ ತಪ್ಪಿಲ್ಲ ಕಣೆ," ಎಂದೆ. "ಬಿಸಾಕಿಸಿದ್ದು ನಾನು. ನನಗೆ ಹೊಟ್ಟೆಕಿಚ್ಚು."

ಮಗಳು ನನ್ನನ್ನು ದುರುಗುಟ್ಟಿ ನೋಡಿ, ಮಡಿಲಿನಿಂದ ಇಳಿದು ಅವರತ್ತ ಓಡಿದಳು. ನನ್ನ ಹೊಟ್ಟೆ ಧಗಧಗ ಉರಿಯಿತು. ಟಾನಿಕ್ ಬಾಟಲಿ ತರಲು ಒಳಗೆ ಹೋದೆ.