ಕೇಳಿಸಿದಾಗ ಕೈ ಎತ್ತಿ

“ಕೇಳಿಸಿದಾಗ ಕೈ ಎತ್ತಿ. ಕೇಳಿಸ್ಲಿಲ್ವಾ, ಸುಮ್ನಿರಿ. ಅಷ್ಟೇ,” ಎಂದು ಕಿವಿ ಡಾಕ್ಟರು ಗಾಜಿನ ಕೋಣೆಯ ಬಾಗಿಲು ಮುಚ್ಚಿದರು.

ಒಳಗೆ ಅವನ ಹೆಂಡತಿ ಹೆಡ್‌ಫೋನು ತೊಟ್ಟು ಕಣ್ಣು ಮುಚ್ಚಿದಳು. ಶಿಸ್ತಿನ ವಿದ್ಯಾರ್ಥಿನಿಯ ಕೈಯಂತೆ ಅವಳ ಬಲಗೈ ಏಳುತ್ತಿತ್ತು, ಇಳಿಯುತ್ತಿತ್ತು. ಗಾಜಿನ ಈಚೆ ನಿಂತ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಅದು ಸಮಾಧಾನ ತಂದಿತು. ಸಮಾಧಾನವಾದುದಕ್ಕೆ ನಾಚಿಕೆಯಾಯಿತು.

“ಕಿವಿಗೆ ಏನೂ ಆಗಿಲ್ಲ ತಾಯಿ. ನಾನು ಕಳಿಸದೇ ಇರೋ ಸದ್ದಿಗೂ ಒಂದೆರಡು ಸಲ ಕೈ ಎತ್ತಿದ್ರಿ!” ಡಾಕ್ಟರು ನಕ್ಕರು. “ಆ ‘ಟಿಕ್’ ಅನ್ನೋದು ಯಾವಾಗ ಕೇಳ್ಸೋದು?”

“ಓದಿ ರೆಕಾರ್ಡ್ ಮಾಡಿದ್ದನ್ನ ಮತ್ತೆ ಹಾಕ್ಕೊಂಡಾಗ. ನನ್ನ ಮಾತಿನ ಮಧ್ಯೆ. ಉಗುರಲ್ಲಿ ಗಾಜು ತಟ್ಟಿದ ಹಾಗೆ.”

“ಮನೇಲಿ ಬೇರೆಯವರಿಗೆ ಕೇಳ್ಸುತ್ತಾ?”

ಇಬ್ಬರೂ ಅವನತ್ತ ತಿರುಗಿದರು.

“ಇಲ್ಲ,” ಎಂದ.

ಭೌತಶಾಸ್ತ್ರದ ಅಧ್ಯಾಪಕ ಅವನು. ಪ್ರಯೋಗದಲ್ಲಿ ಬಂದ ಅಂಕಿಯನ್ನು ತಿದ್ದಿ ಬರೆದ ವಿದ್ಯಾರ್ಥಿಯನ್ನು ಎಂದೂ ಕ್ಷಮಿಸಿದವನಲ್ಲ. ‘ಕಂಡದ್ದನ್ನು ಕಂಡ ಹಾಗೆ ಹೇಳಲಾರದವನಿಗೆ ವಿಜ್ಞಾನ ಬೇಡ, ಸಂತೆಯಲ್ಲಿ ಅಂಗಡಿ ಇಡಲಿ’ ಎಂಬುದು ಅವನ ಪ್ರಸಿದ್ಧ ಬೈಗುಳ.

ಅವಳು ಕಣ್ಣು ಕಾಣದ ಮಕ್ಕಳ ಶಾಲೆಗಾಗಿ ಪಾಠಗಳನ್ನು ಓದಿ ಧ್ವನಿಮುದ್ರಿಸುತ್ತಿದ್ದಳು. ಮನೆಯ ಹಳೆಯ ಕಂಪ್ಯೂಟರು ತೆವಳುತ್ತದೆ ಎಂದು ಅವಳ ತಮ್ಮ ತನ್ನ ಹೊಸದನ್ನೇ ಕೊಡಲು ಬಂದಿದ್ದ. ದುಡಿಯುವ ವಸ್ತುವನ್ನು ಮೂಲೆಗೆ ತಳ್ಳುವುದು ಅನೀತಿ ಎಂದು ಇವನು ಭಾಷಣ ಮಾಡಿದ. “ಆಯ್ತು ಭಾವ, ಮುದುಕನ್ನೇ ಓಡಿಸಿ,” ಎಂದು ಆತ ನಗುತ್ತ ಹೋದ. ಆ ನಗು ಮುಳ್ಳಿನಂತೆ ಇವನೊಳಗೇ ಮುರಿದುಕೊಂಡಿತು.

ಹಳೆಯ ಯಂತ್ರವನ್ನು ಅದಕ್ಕೆ ನಿಗದಿಯಾದ ವೇಗ ಮೀರಿ ಓಡಿಸುವುದಕ್ಕೂ ನೀತಿಯಿದೆ. ಆ ಕಾಲದ ಯಂತ್ರದಲ್ಲಿ ಪ್ರೊಸೆಸರಿಗೂ ಮೆಮೊರಿಗೂ ತಾಳ ಹಾಕುವುದು ಒಂದೇ ಗಡಿಯಾರ. ಒಂದರ ವೇಗ ಏರಿಸಿದರೆ ಇನ್ನೊಂದೂ ಜೊತೆಗೆ ಏರುತ್ತದೆ. ಆದ್ದರಿಂದ ಮೆಮೊರಿಯನ್ನು ತಗ್ಗಿಸಿ ಹಿಡಿದು, ಮೊದಲು ಪ್ರೊಸೆಸರನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು. ಬಿಸಿ ನೋಡಬೇಕು. ಪ್ರತಿ ಮೆಟ್ಟಿಲಲ್ಲೂ ಪರೀಕ್ಷೆಗೆ ಒಡ್ಡಬೇಕು. ಅದು ಗಟ್ಟಿಯಾದ ಮೇಲೆ ಮೆಮೊರಿ, ಮತ್ತೆ ಪರೀಕ್ಷೆ. ಇಷ್ಟನ್ನೂ ಅವನು ಅಕ್ಷರಶಃ ಪಾಲಿಸಿದ್ದ. ದೊಡ್ಡ ಫ್ಯಾನು ಕೂಡಿಸಿದ್ದ. ಕೊನೆಯ ಮೆಟ್ಟಿಲಲ್ಲಿ, ಮೆಮೊರಿಯ ಪರೀಕ್ಷೆ ಇನ್ನೇನು ಮುಗಿಯಬೇಕು, ಪರದೆಯ ಮೇಲೆ ಕೆಂಪು ಗೆರೆಯೊಂದು ಮೂಡಿತು. ಒಂದೇ ಒಂದು ತಪ್ಪು.

ಒಂದು ಮೆಟ್ಟಿಲು ಇಳಿದರೆ ಸಾಕಿತ್ತು. ಅಷ್ಟರಲ್ಲಿ ಅವಳು ಬಾಗಿಲಲ್ಲಿ ನಿಂತು, “ಏನ್ರೀ, ತಡ್ಕೊಳ್ಳುತ್ತಾ?” ಎಂದಳು.

ಅವನು ಪರದೆ ಆರಿಸಿದ. “ತಡ್ಕೊಳ್ಳುತ್ತೆ.”

ವಾರ ಕಳೆದ ಮೇಲೆ ಅವಳು ಹೆಡ್‌ಫೋನನ್ನು ಅವನ ಕಿವಿಗಿಟ್ಟು, “ಟಿಕ್ ಅಂತಲ್ವಾ?” ಎಂದಾಗ ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು: ಮೆಮೊರಿಯ ಅದೇ ತಪ್ಪು. ಹೌದೆಂದರೆ ‘ಯಾಕೆ’ ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು. ಇಲ್ಲವೆಂದ. ಮರುದಿನವೇ ವೇಗ ಇಳಿಸಬಹುದಿತ್ತು. ಇಳಿಸಿದರೆ ಸದ್ದು ನಿಲ್ಲುತ್ತದೆ; ನಿಂತರೆ ಅವನ ‘ಇಲ್ಲ’ ಬಯಲಾಗುತ್ತದೆ. ಒಂದು ಸುಳ್ಳಿನ ಮಾನ ಕಾಯಲು ಅವಳು ಅದೇ ಪಾಠವನ್ನು ಮತ್ತೆ ಮತ್ತೆ ಓದುವುದನ್ನು, ಗಂಟಲು ಕಟ್ಟುವವರೆಗೆ ಓದುವುದನ್ನು, ಪಕ್ಕದ ಕೋಣೆಯಲ್ಲಿ ಪತ್ರಿಕೆ ಹಿಡಿದು ಕೇಳಿಸಿಕೊಂಡ.

ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಅವಳು ಹೇಳಿದಳು: “ಅಮ್ಮನಿಗೂ ಹೀಗೇ ಶುರುವಾಗಿದ್ದು. ಮೊದ್ಲು ಇಲ್ಲದ್ದು ಕೇಳ್ತು. ಆಮೇಲೆ ಇದ್ದದ್ದೂ ಕೇಳ್ಲಿಲ್ಲ.”

“ಡಾಕ್ಟ್ರು ಚೆನ್ನಾಗಿದೆ ಅಂದ್ರಲ್ಲ.”

“ಹಾಗಾದ್ರೆ ಕಿವಿ ಅಲ್ಲ, ತಲೆ.” ನಗಲು ನೋಡಿದಳು. “ಶಾಲೆಗೆ ನಾಳೆ ಹೇಳ್ಬಿಡ್ತೀನಿ. ಕಿವಿ ನೆಟ್ಟಗಿಲ್ದೋಳು ಕಣ್ಣಿಲ್ದೋರಿಗೆ ಓದೋದು ಬೇಡ.”

ಅವನು ನಿಂತ. “ನಿನಗೊಂದು ಹೇಳ್ಬೇಕು.”

“ಏನು?”

ಅವಳ ಮುಖದಲ್ಲಿ ಎಷ್ಟು ನಂಬಿಕೆಯಿತ್ತೆಂದರೆ ಅದನ್ನು ನೋಡಲಾಗಲಿಲ್ಲ.

“ಗಾಳಿ ಜೋರಾಗಿದೆ. ಕಿವಿ ಮುಚ್ಕೋ.”

ಅವಳು ಸೆರಗನ್ನು ತಲೆಯ ಮೇಲೆಳೆದು ವಿಧೇಯಳಾಗಿ ಕಿವಿ ಮುಚ್ಚಿಕೊಂಡಳು.

ಮನೆಗೆ ಬಂದವಳು ಅಡುಗೆಮನೆಗೆ ಹೋದೊಡನೆ ಅವನು ಕಂಪ್ಯೂಟರಿನ ವಯರು ಕಿತ್ತು ಪಕ್ಕದ ತಗಡು ಬಿಚ್ಚಿದ. ಏರಿಸಿದ ವೇಗವನ್ನು ನೆನಪಿಟ್ಟುಕೊಂಡಿದ್ದ ಗುಂಡು ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿದ. ಕಳ್ಳ ಕೂಡ ಇಷ್ಟು ಮೆಲ್ಲಗೆ ಕೈಯಾಡಿಸಲಾರ. ತುಸು ಹೊತ್ತು ಬಿಟ್ಟು ಹಿಂದಕ್ಕೆ ಕೂರಿಸಿ ಚಾಲೂ ಮಾಡಿದಾಗ ಯಂತ್ರ ಎಲ್ಲವನ್ನೂ ಮರೆತಿತ್ತು. ತಾನು ಹುಟ್ಟಿದ ವರ್ಷದ ಮೊದಲ ದಿನಾಂಕವನ್ನು ತೋರಿಸಿ ಇಂದು ಯಾವ ದಿನ ಎಂದು ಕೇಳಿತು. ಅವನಿಗೆ ಅಸೂಯೆಯಾಯಿತು.

“ಇಲ್ಲಿ ಬಾ, ಒಂದೇ ಸಾಲು ಓದು.”

“ಯಾಕೆ? ಏನ್ಮಾಡಿದ್ರಿ?”

“ಧೂಳು ಒರೆಸಿದೆ.”

ಅವಳು ಪುಸ್ತಕ ತೆರೆದು ಓದಿದಳು: “ಕಪ್ಪೆಯ ಹೃದಯದಲ್ಲಿ ಮೂರು ಕೋಣೆಗಳಿವೆ.”

ಮುದ್ರಿಸಿದ್ದನ್ನು ಅವನು ಮೊದಲು ತಾನೇ ಕೇಳಿದ. ಒಮ್ಮೆ. ಇನ್ನೊಮ್ಮೆ. ಉಗುರಿಲ್ಲ, ಗಾಜಿಲ್ಲ. ಸ್ವಚ್ಛವಾದ ದನಿ, ಅದರ ಹಿಂದೆ ಸ್ವಚ್ಛವಾದ ಮೌನ. ಹೆಡ್‌ಫೋನನ್ನು ಅವಳ ತಲೆಗೆ ತೊಡಿಸಿದ. ಇನ್ನು ಏನನ್ನೂ ಹೇಳಬೇಕಾಗಿಲ್ಲ.

“ಈಗ ಕೇಳು. ಟಿಕ್ ಅಂದ್ರೆ ಕೈ ಎತ್ತು.”

ಅವಳು ಕಣ್ಣು ಮುಚ್ಚಿದಳು. ಪರದೆಯ ಮೇಲೆ ಧ್ವನಿಯ ಗೆರೆ ಮೂರು ಕೋಣೆಗಳನ್ನು ದಾಟಿ ಮೌನದೊಳಗೆ ಸಾಗಿತು, ಎಲ್ಲೂ ಅಲುಗದೆ, ಚಪ್ಪಟೆಯಾಗಿ.

ಅವಳ ಬಲಗೈ ಮೆಲ್ಲನೆ ಮೇಲೆದ್ದಿತು.

ಇಳಿಯಿತು. ಮತ್ತೆ ಎದ್ದಿತು.

ಜೀವಮಾನವಿಡೀ ತನ್ನೆದುರು ಎದ್ದ ಕೈಗಳಿಗೆ ಉತ್ತರ ಕೊಡುತ್ತ ಬಂದವನು ಆ ಕೈಯೆದುರು ನಿಂತೇ ಇದ್ದ. ಈ ಸಲ ಅದು ಇಳಿಯಲಿಲ್ಲ.