ಕರಡಿಗೆಯಲ್ಲಿದ್ದ ರೋಟರ್

ಸ್ವರ ಬದಲಾಯಿತು — ಇಷ್ಟು ಹೊತ್ತು ಅಂಗೈಗಳ ನಡುವೆ ಕೋಲು ಹೊರಳಿದಾಗಲೆಲ್ಲ ಹೊಳೆಯ ಮರಳು ತುಳಿದ ಹಾಗೆ ಕರಕರ ಅನ್ನುತ್ತಿದ್ದದ್ದು ಈಗ ಒಂದು ಬದಿಯಲ್ಲಿ ಮೆತ್ತಗಾಗಿ, ಯಾರೋ ನಿದ್ದೆಯಲ್ಲಿ ಉಸಿರು ಬಿಟ್ಟ ಹಾಗೆ ಸುಯ್ ಎಂದಿತು, ಮಜ್ಜಿಗೆ ಕಡೆಯುವಾಗ ಬೆಣ್ಣೆ ಬರುವ ಮೊದಲು ಸ್ವರ ದಪ್ಪವಾಗುತ್ತದೆ, ಇದರಲ್ಲಿ ತೆಳ್ಳಗಾಗುತ್ತದೆ, ಅಷ್ಟೇ ವ್ಯತ್ಯಾಸ, ಶಶಿಪ್ರಭಾಳ ಕೈ ನಿಲ್ಲಲಿಲ್ಲ, ಬಲಗೈ ಮುಂದೆ ಎಡಗೈ ಹಿಂದೆ, ಎಡಗೈ ಮುಂದೆ ಬಲಗೈ ಹಿಂದೆ, ನಡುವೆ ಕೋಲನ್ನು ಒಮ್ಮೆ ಎತ್ತಿ ಸ್ವಲ್ಪ ತಿರುಗಿಸಿ ಪುನಃ ಕೂರಿಸಿ — ಕೋಲಿನ ತುದಿಯ ರಬ್ಬರಿನ ಬಟ್ಟಲು ವಾಲ್ವಿನ ತಲೆಯನ್ನು ಕರು ಕೆಚ್ಚಲು ಹಿಡಿದ ಹಾಗೆ ಹಿಡಿದುಕೊಂಡಿದೆ, ವಾಲ್ವಿನ ಅಡಿಯಲ್ಲಿ ಕಪ್ಪು ಪೇಸ್ಟು, ಅದರಡಿಯಲ್ಲಿ ಇಂಜಿನಿನ ಬಾಯಿ, ಈ ಎರಡು ಕಬ್ಬಿಣ ಒಂದಕ್ಕೊಂದು ತೇಯ್ದು ತೇಯ್ದು ಗಾಳಿ ಕೂಡ ನುಗ್ಗದ ಹಾಗೆ ಕೂರಬೇಕಂತೆ, ಇಲ್ಲದಿದ್ದರೆ ಇಂಜಿನಿಗೆ ಉಸಿರು ಹಿಡಿಯಲಿಕ್ಕೆ ಆಗುವುದಿಲ್ಲ. ಗಾಡಿಕೊಟ್ಟಿಗೆಯ ಹೆಂಚಿನ ಸಂದಿಯಿಂದ ಬಿಸಿಲಿನ ಒಂದು ಕೋಲು ಇಳಿದು ಜೀಪಿನ ಮಡ್‌ಗಾರ್ಡಿನ ಮೇಲೆ, ಅಲ್ಲಿಂದ ಜಾರಿ ಅವಳ ಮೊಣಕೈಯ ಮೇಲೆ, ಅವಳು ಸ್ಟೂಲಿನ ಮೇಲೆ ನಿಂತು, ಸೆರಗು ಬಿಗಿದು ಕಟ್ಟಿ, ಹೊಟ್ಟೆಯನ್ನು ಆ ತಣ್ಣನೆ ತಗಡಿಗೆ ಆನಿಸಿ ಬಾಗಿದ್ದಾಳೆ, ಚಿಮಿಣಿ ಎಣ್ಣೆಯ ವಾಸನೆ, ತಲೆಯಲ್ಲಿ ಮುಡಿದ ಅಬ್ಬಲಿಗೆಯ ಹೂವಿಗೂ ಅದೇ ವಾಸನೆ ಹತ್ತಿರಬೇಕು. ಮಜ್ಜಿಗೆ ಕಡೆಯುವ ಕೈಗೆ ಮಸಿ ಹಿಡಿಸಿದ ಪುಣ್ಯಾತ್ಮ ನನ್ನ ಮಗ, ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತ ಕೂತ ಅತ್ತೆ ಅಮ್ಮಣ್ಣಿ ಬೆಳಿಗ್ಗೆಯಿಂದ ಇದು ಎಷ್ಟನೆಯ ಸಲವೋ ಹೇಳಿದ್ದು, ಬೆಣ್ಣೆ ಬಂದರೆ ನನಗೊಂದು ಚೂರು ಕೊಡು ಮಾರಾಯ್ತಿ, ಮೊಣಕಾಲಿಗೆ ಹಚ್ಚುತ್ತೇನೆ.

ಅವರು ಮಾಡಬೇಕಾಗಿದ್ದ ಕೆಲಸವೇ ಇದು, ಗಂಡ ರಮಾನಾಥ ಮಾಡಿಯೂ ನೋಡಿದ್ದರು, ಅವರ ಅಂಗೈಯೊಳಗೆ ಕೋಲು ಹಾರುತ್ತಿತ್ತು, ವಾಲ್ವು ಓರೆ ಕೂರುತ್ತಿತ್ತು, ಬಂಟ್ವಾಳದಿಂದ ಬರುವ ಮೆಕ್ಯಾನಿಕ್ ಅಬ್ದುಲ್ ವಹಾಬ್ ಕೊನೆಗೆ ನಕ್ಕು ಇದು ಕಡೆಗೋಲು ಹಿಡಿದವರ ಕೆಲಸ ಶೆಟ್ರೇ, ಅಕ್ಕನಿಗೆ ಕೊಡುವ ಅಂದಿದ್ದ, ಹಾಗೆ ಇವಳ ಕೈಗೆ ಬಂದದ್ದು, ಒಂದೊಂದಾಗಿ ಎಲ್ಲ ವಾಲ್ವುಗಳೂ, ಎಲ್ಲ ಮುಗಿದು ಹೆಡ್ ಮುಚ್ಚಿ ಹ್ಯಾಂಡಲ್ ತಿರುಗಿಸಿದರೆ ಇದೊಂದರಲ್ಲಿ ಮಾತ್ರ ಗಾಳಿ ಸೋರಿ, ಪುನಃ ಬಿಚ್ಚಿ, ಈಗ ಇದೊಂದೇ ಬಾಕಿ. ಸಂಜೆ ವಹಾಬ್ ಬಂದು ಹೆಡ್ ಮುಚ್ಚುತ್ತಾನೆ, ನಾಳೆ ಹತ್ತು ಗಂಟೆಯ ಬಸ್ಸಿಗೆ ಲಾಯಿಲದ ಹನೀಫಾ ಬರುತ್ತಾನೆ, ಬೆಳ್ತಂಗಡಿಯಿಂದ ದಿಡುಪೆಯ ಕಡೆಗೆ ಜನ ಸಾಗಿಸಲಿಕ್ಕೆ ಅವನಿಗೆ ಜೀಪು ಬೇಕು, ಇಂಜಿನಿನ ಸ್ವರ ಒಮ್ಮೆ ಕೇಳಿದರೆ ಸಾಕು, ಅಲ್ಲಿಂದಲೇ ತೆಗೆದುಕೊಂಡು ಹೋಗುತ್ತೇನೆ ಅಂದಿದ್ದಾನೆ. ಕೊಡುವುದಾ ಎಂದು ಅವಳು ಕೇಳಿದ್ದಳು, ಮತ್ತೇನು ಮಾಡುವುದು ಎಂದು ಅವರು, ಸಿಟ್ಟಿನಿಂದಲ್ಲ, ಅವರಿಗೆ ಸಿಟ್ಟೇ ಇಲ್ಲ, ಹಾಳಾದದ್ದನ್ನು ಬಿಚ್ಚಿ ಜೋಡಿಸುವ ತನಕ ಅನ್ನ ನೀರು ಬೇಡ, ಸರಿಯಾದ ಮರುದಿನ ಅದರ ಮುಖ ನೋಡುವುದಿಲ್ಲ, ಶಾಲೆಯ ಹಾರ್ಮೋನಿಯಂ ಹಾಗೆಯೇ, ಗೋಡೆ ಗಡಿಯಾರ ಹಾಗೆಯೇ, ಎಲ್ಲ ಒಬ್ಬೊಬ್ಬರ ಮನೆಗೆ ಹೋಯಿತು, ಅವಳ ಅಪ್ಪ ತೀರಿಹೋದ ಮೇಲೆ ಈ ಜೀಪು ಗುಜರಿಗೆ ಹೋಗುತ್ತದೆ ಎಂದು ಕೇಳಿ ನಾರಾವಿಯಿಂದ ಲಾರಿಯ ಹಿಂದೆ ಕಟ್ಟಿ ಶಿರ್ತಾಡಿ ಮೂಡುಬಿದಿರೆ ದಾಟಿ ಸಿದ್ಧಕಟ್ಟೆಯ ಈ ಅಂಗಳಕ್ಕೆ ಎಳೆಸಿಕೊಂಡು ಬಂದದ್ದೂ ಅವರೇ, ನಿನ್ನ ಅಪ್ಪನ ಜೀಪು, ಹಾಗೆ ಬಿಡಲಿಕ್ಕುಂಟಾ ಎಂದು. ಆದರೆ ಓಡಿಸಲು ಬರುವುದಿಲ್ಲ, ಇಂಜಿನಿನ ಹೊಟ್ಟೆಯೊಳಗಿನ ಒಂದೊಂದು ನಟ್ಟಿನ ಹೆಸರು ಗೊತ್ತಿರುವ ಮನುಷ್ಯನಿಗೆ ಕ್ಲಚ್ಚು ಬಿಡಲು ಭಯ, ಮನೆಯಲ್ಲಿ ಓಡಿಸುವವರು ಯಾರು, ಇಟ್ಟುಕೊಂಡು ಪೂಜೆ ಮಾಡುವುದಾ, ಅನ್ನುತ್ತಾರೆ. ನನಗೆ ಬರುತ್ತದೆ ಎಂದಿದ್ದಳು ಶಶಿಪ್ರಭಾ, ಒಂದು ಸಲ, ಊಟ ಬಡಿಸುತ್ತ — ಅವರು ತುತ್ತು ಕೈಯಲ್ಲಿ ಹಿಡಿದು ಅವಳ ಮುಖ ನೋಡಿ, ಒಳ್ಳೆಯ ತಮಾಷೆ ಎಂದು ಮನಸಾರೆ ನಕ್ಕು, ಪೊಳಲಿಗೆ ಹೋದಾಗ ನಾಲ್ಕು ಜನರ ಮುಂದೆಯೂ ಹೇಳಿದರು, ನಮ್ಮ ಶಶಿಗೆ ಡ್ರೈವರ್ ಕೆಲಸ ಬೇಕಂತೆ, ಅತ್ತೆಯೂ ನಕ್ಕರು, ಅವಳೂ ನಕ್ಕಳು, ನಕ್ಕದ್ದು ಯಾಕೆ, ಎಲ್ಲರೂ ನಗುವಾಗ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

ಕರಕರ, ಕರಕರ, ಸುಯ್ — ಸುಗ್ಗಿ ಕೊಯ್ದ ಗದ್ದೆಯಲ್ಲಿ ಜೀಪಿನ ಚಕ್ರದಡಿ ಭತ್ತದ ಕೂಳೆ ಮುರಿಯುವ ಸ್ವರವೂ ಹೀಗೆಯೇ ಇತ್ತು, ನಾರಾವಿಯ ಮನೆಯ ಕೆಳಗಿನ ಬೈಲು, ಕೊಕ್ಕರೆಗಳು ಎದ್ದು ಹಾರಿ ಹಿಂದೆ ಇಳಿಯುತ್ತವೆ, ಮುಂದೆ ಏಳುತ್ತವೆ, ಹಿಂದೆ ಇಳಿಯುತ್ತವೆ, ಅಪ್ಪ ಬಲಬದಿಯಲ್ಲಿ ಕೂತಿದ್ದಾರೆ, ಸ್ಟೇರಿಂಗು ಎಡಬದಿಗೆ, ಮಿಲಿಟರಿಯವರು ಬಿಟ್ಟುಹೋದ ಗಾಡಿ, ಅಪ್ಪನ ಕೈಯಲ್ಲಿ ವೀಳ್ಯದೆಲೆ, ಅವಳ ಕಡೆ ನೋಡುವುದೇ ಇಲ್ಲ, ಕೊಕ್ಕರೆ ನೋಡುತ್ತ ಹೇಳುತ್ತಾರೆ, ಎಡಗಾಲು ಮೆಲ್ಲ ಬಿಡು ಶಶೀ, ಕರುವಿನ ಹಗ್ಗ ಬಿಟ್ಟ ಹಾಗೆ, ಒಮ್ಮೆಲೇ ಬಿಟ್ಟರೆ ಓಡುತ್ತದೆ, ಬಿಡದಿದ್ದರೆ ಸಾಯುತ್ತದೆ. ಬಲಗಾಲಿನ ಅಡಿಯಲ್ಲಿ ಸ್ಟಾರ್ಟಿನ ಗುಂಡಿ, ನೆಲದಲ್ಲೇ ಇತ್ತು ಅದು, ದೊಡ್ಡ ಮೊಳೆಯ ತಲೆಯ ಹಾಗೆ, ಬರಿಗಾಲಿಗೆ ತಣ್ಣಗೆ, ಒತ್ತಿದರೆ ಇಡೀ ಗಾಡಿ ಒಮ್ಮೆ ಮೈ ಕೊಡವಿ ಎದ್ದೇಳುತ್ತಿತ್ತು, ಆ ನಡುಕ ಪಾದದಿಂದ ಹತ್ತಿ ಹಲ್ಲಿನವರೆಗೆ. ಚಿನ್ನಯ್ಯ ಶೆಟ್ಟರ ಮಗಳು ಜೀಪು ಬಿಡುತ್ತಾಳೆ ಎಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗದ್ದೆ ದಾಟಿ ರಸ್ತೆಗೆ ಹೋದದ್ದೇ ಇಲ್ಲ, ರಸ್ತೆಗೆ ಆಮೇಲೆ ಎಂದರು ಅಪ್ಪ, ಆ ಆಮೇಲೆ ಬರುವ ಮೊದಲು ಗಂಡು ನೋಡಿ ಆಯಿತು. ಸಂಜೆ ಗಾಡಿ ಕೊಟ್ಟಿಗೆಗೆ ಹಾಕಿ ಬಾನೆಟ್ಟು ಎತ್ತಿ, ಎರಡು ಕ್ಲಿಪ್ಪು ಬಿಡಿಸಿ, ಇಂಜಿನಿಗೆ ಕಿಡಿ ಹಂಚುವ ಡೆಲ್ಕೋದ ಮುಚ್ಚಳ ತೆಗೆದು ಅಪ್ಪ ಒಳಗಿನ ರೋಟರನ್ನು ಕಿತ್ತು ಅವಳ ಅಂಗೈಯಲ್ಲಿ ಇಡುತ್ತಿದ್ದರು, ಹುಣಸೆಬೀಜದ ಬಣ್ಣದ ಒಂದು ಗುಬಟು, ತಲೆಯ ಮೇಲೆ ಹಿತ್ತಾಳೆಯ ಪುಟ್ಟ ನಾಲಗೆ, ಇಂಜಿನಿನ ಬಿಸಿ ಅದರಲ್ಲಿ ಇನ್ನೂ ಉಳಿದಿರುತ್ತಿತ್ತು, ಇದಿಲ್ಲದೆ ದೇವರು ಬಂದರೂ ಗಾಡಿ ಹೊರಡುವುದಿಲ್ಲ, ಕಳ್ಳನಿಗೂ ಇಲ್ಲ, ನಿನ್ನ ಅಣ್ಣನಿಗೂ ಇಲ್ಲ, ನೀನು ಕೊಟ್ಟರೆ ಮಾತ್ರ ನನಗೂ. ಬೆಳಿಗ್ಗೆ ಮಾತಿಲ್ಲ, ಅಪ್ಪ ಬಂದು ಅಂಗೈ ಚಾಚುವುದು, ಅವಳು ಅದರಲ್ಲಿ ಇಡುವುದು. ಅಷ್ಟೇ. ಚಾಚಿದ ಅಂಗೈ, ಸುಣ್ಣ ತಾಗಿ ಬೆಳ್ಳಗಾದ ಹೆಬ್ಬೆರಳು.

ಸ್ವಲ್ಪ ಪೇಸ್ಟು ಒಣಗಿತು, ಡಬ್ಬಿಯ ಎರಡು ಬದಿಗೂ ಮುಚ್ಚಳ, ಒಂದು ಬದಿ ತರಿ, ಇನ್ನೊಂದು ನಯ, ಈಗ ನಯದ್ದು ಸಾಕು, ಬೆರಳ ತುದಿಯಷ್ಟು. ಮದುವೆಯ ದಿನ ರೋಟರ್ ಎಲ್ಲಿತ್ತು, ಹಿಂದಿನ ಸಂಜೆ ಚಪ್ಪರಕ್ಕೆ ತೆಂಗಿನ ಗರಿ ತಂದು ಹಾಕಿದ ಮೇಲೆ ಅಪ್ಪ ಎಂದಿನಂತೆ ಕೊಟ್ಟಿದ್ದರು, ಮದರಂಗಿಯ ಕೈಯಲ್ಲಿ ಹಿಡಿಯಲಾರದೆ ಬಳೆಯ ಕರಡಿಗೆಯಲ್ಲಿ ಹಾಕಿದ್ದಳು, ಕರಡಿಗೆ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಕಾರಿನ ಡಿಕ್ಕಿಯೊಳಗೆ, ಅಂಬಾಸಡರ್ ಕಾರು ಹೊರಟು ನಿಂತಿದೆ, ಮಗ್ಗುಲಲ್ಲಿ ಆಗಷ್ಟೇ ಗಂಡನಾದವನ ಅತ್ತರಿನ ವಾಸನೆ, ಹೆಂಗಸರು ಅಳುತ್ತಿದ್ದಾರೆ, ಅಪ್ಪ ಜನರನ್ನು ಸರಿಸಿಕೊಂಡು ಕಿಟಕಿಯ ಹತ್ತಿರ ಬಂದರು, ಅಂಗೈ ಚಾಚಿದರು — ಅವಳು ತನ್ನ ಕೈಯನ್ನೇ ಅದರಲ್ಲಿ ಇಟ್ಟಳು, ಅಪ್ಪ ಒಂದು ಗಳಿಗೆ ಆ ಕೈಯನ್ನು ನೋಡಿ, ಮುಚ್ಚಿ ಹಿಡಿದು, ಬಿಟ್ಟರು, ಕಾರು ಹೊರಟಿತು. ಸಿದ್ಧಕಟ್ಟೆಗೆ ಬಂದು ಕರಡಿಗೆ ತೆರೆದಾಗಲೇ ಗೊತ್ತಾದದ್ದು. ಕೇಳಿದ್ದು ರೋಟರಾ, ಕೈಯಾ. ಆಟಿ ತಿಂಗಳಲ್ಲಿ ತವರಿಗೆ ಹೋದಾಗ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೇ ಹೋಗಿದ್ದಳು, ಅಪ್ಪ ಕೇಳಲಿ, ಕೇಳಿದರೆ ಕೊಡುವ ಎಂದು, ಕೇಳದೆ ಕೊಡುವ ಕ್ರಮ ಅವರಿಬ್ಬರಲ್ಲಿ ಇರಲಿಲ್ಲವಲ್ಲ, ಅಪ್ಪ ಪತ್ರೊಡೆ ತಿನ್ನು ಎಂದರು, ಮಳೆ ಜಾಸ್ತಿ ಎಂದರು, ಕೊಟ್ಟಿಗೆಯಲ್ಲಿ ಜೀಪಿನ ಮೇಲೆ ಗೋಣಿ ಹೊದೆಸಿ ಆಗಿತ್ತು, ಅಂಗೈ ಚಾಚಲಿಲ್ಲ, ಒಮ್ಮೆ ಚಾಚಿ ಆಗಿದೆ, ಇನ್ನು ಅವಳಾಗಿ ಕೊಡಲಿ ಎಂದು ಅವರೂ ಕಾದಿದ್ದರೋ ಏನೋ, ಆಟಿ ಮುಗಿಯಿತು, ಗಂಟು ಹಾಗೆಯೇ ಹಿಂದೆ ಬಂತು. ಮರು ವರ್ಷವೂ ಗೋಣಿ, ಅದರ ಮರು ವರ್ಷ ಗೋಣಿಯ ಮೇಲೆ ಕೋಳಿ. ಆಮೇಲೆ ಭೂಮಸೂದೆ ಬಂದು ದೂರದ ಗದ್ದೆಗಳೆಲ್ಲ ಒಕ್ಕಲುಗಳಿಗೆ ಹೋದವು, ಜೀಪಿನಲ್ಲಿ ಹೋಗಿ ನೋಡಬೇಕಾದ್ದು ಏನುಂಟು ಇನ್ನು ಎಂದಿದ್ದರಂತೆ ಅಪ್ಪ, ಊರಿನವರಿಗೆ ಅದೇ ಕಾರಣ, ಅಣ್ಣ ಶೇಖರನಿಗೂ ಅದೇ, ಇರಬಹುದು, ಅದೇ ಇರಬಹುದು, ಆದರೆ ಒಂದು ರೋಟರ್ ಅಪ್ಪ ಆಗ ಮಂಗಳೂರಿನಿಂದ ತರಿಸಬಹುದಿತ್ತಲ್ಲ, ಆಗ ಸಿಗುತ್ತಿತ್ತು, ತರಿಸಲಿಲ್ಲ.

ಈಗ ಸಿಗುವುದಿಲ್ಲ. ಎಲ್ಲ ಉಂಟು, ರೋಟರ್ ಒಂದಿಲ್ಲ, ಯಾರೋ ಬಿಚ್ಚಿ ಮಾರಿದ್ದಾರೆ ಎಂದು ರಮಾನಾಥ ಮೊದಲ ದಿನವೇ ತಲೆ ಮೇಲೆ ಕೈಯಿಟ್ಟು ಕೂತಿದ್ದರು, ಅವಳು ಕಾಫಿ ಕೊಟ್ಟಳು, ಒಳಗೆ ಕರಡಿಗೆ ಇತ್ತು, ಹೇಳುವ ಎಂದೇ ಬಾಯಿಯವರೆಗೆ ಬಂದಿತ್ತು, ಅಷ್ಟರಲ್ಲಿ ಅವರು, ಮೊದಲು ರೆಡಿ ಆಗಲಿ, ತೆಗೆದುಕೊಳ್ಳುವವರು ಸಿಗುತ್ತಾರೆ ಎಂದರು, ಮಾತು ಹಿಂದೆ ಹೋಯಿತು. ಕೊಟ್ಟರೆ ಗಾಡಿ ಹನೀಫಾನದ್ದು, ಕೊಡದಿದ್ದರೆ ಈ ಕೊಟ್ಟಿಗೆಯಲ್ಲೇ ಇದಕ್ಕೆ ಎರಡನೆಯ ಸಾವು, ಅವರ ಇಷ್ಟು ಕಾಲದ ಬೆವರೂ ಅದರೊಟ್ಟಿಗೆ, ಅವಳು ಎರಡನ್ನೂ ಮಾಡದೆ ವಾಲ್ವು ತೇಯ್ದಳು, ತೇಯುತ್ತ ಇದ್ದರೆ ದಿನ ಮುಂದೆ ಹೋಗುತ್ತದೆ ಎಂಬ ಹಾಗೆ. ನಿನ್ನೆ ವಹಾಬ್ ಮಾಡಿದ್ದನ್ನು ನೋಡುವ ತನಕ. ಈಗಿನ ಗಾಡಿಯ ರೋಟರ್ ಒಂದನ್ನು ಅರ ಹಾಕಿ ಸಣ್ಣ ಮಾಡಿ ತಂದು ಕೂರಿಸಿಯೇ ಬಿಟ್ಟ, ಸ್ವಲ್ಪ ಅಲ್ಲಾಡುತ್ತದೆ, ಒಮ್ಮೆ ಸ್ಟಾರ್ಟ್ ಆಗಿ ಸ್ವರ ಕೇಳಿಸಿದರೆ ಸಾಕಲ್ಲ ಶೆಟ್ರೇ, ಆಮೇಲೆ ಹನೀಫಾ ಉಂಟು ಅವನ ಹಣೆಬರಹ ಉಂಟು. ಇನ್ನು ಕರಡಿಗೆಯಲ್ಲಿ ಇಟ್ಟುಕೊಂಡೂ ಪ್ರಯೋಜನವಿಲ್ಲ. ಹಾಗಾದರೆ ಇದು, ಈ ವಾಲ್ವು, ಇದರ ಒಂದು ಬದಿ ಬಿಟ್ಟರೆ — ಯಾರಿಗೆ ಗೊತ್ತಾಗುತ್ತದೆ, ನಾಳೆ ಇಂಜಿನು ಕೆಮ್ಮುತ್ತದೆ, ಹನೀಫಾ ಮೂಗು ಮುರಿದು ಬಸ್ಸು ಹತ್ತುತ್ತಾನೆ, ಇಷ್ಟೇ, ಕೈ ಈಗ ನಿಲ್ಲಿಸಿದರಾಯಿತು. ಕೈ ನಿಲ್ಲಲಿಲ್ಲ. ಬಲಗೈ ಮುಂದೆ ಎಡಗೈ ಹಿಂದೆ, ಎತ್ತಿ ತಿರುಗಿಸಿ ಕೂರಿಸಿ, ಬೆಣ್ಣೆ ಬರುವ ಮೊದಲು ಕಡೆಗೋಲು ಬಿಟ್ಟು ಏಳುವುದು ಈ ಕೈಗೆ ಯಾವತ್ತು ಗೊತ್ತಿತ್ತು, ಸುಯ್, ಸುಯ್, ಸುತ್ತಲೂ ಒಂದೇ ಸ್ವರ. ವಾಲ್ವು ತೆಗೆದು ಬಟ್ಟೆಯಲ್ಲಿ ಒರೆಸಿ, ಕೂರುವ ಅಂಚಿನ ಮೇಲೆ ವಹಾಬ್ ಹೇಳಿಕೊಟ್ಟಂತೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ಪುನಃ ಇಟ್ಟು ಒಮ್ಮೆ ಹೊರಳಿಸಿ ತೆಗೆದಳು, ಒಂದು ಗೆರೆಯೂ ಉಳಿದಿರಲಿಲ್ಲ, ಬೂದಿ ಬಣ್ಣದ ಬಳೆ, ಎಲ್ಲಿಯೂ ಕಡಿಯದೆ, ಮಂಜು ಕವಿದ ಚಂದ್ರನ ಸುತ್ತ ಕಟ್ಟುವ ಕೊಡೆಯ ಹಾಗೆ ಮಂಕಾಗಿ, ಪೂರ್ತಿಯಾಗಿ.

ಅದನ್ನು ನೋಡುತ್ತಲೇ ಇದ್ದಳು. ಅಪ್ಪ ರಸ್ತೆಗೆ ಆಮೇಲೆ ಎಂದಿದ್ದರು. ನಾಳೆ ಬೆಳಿಗ್ಗೆ ಇವರು ಹಾಲು ಕೊಡಲು ಸೊಸೈಟಿಗೆ ಹೋಗುತ್ತಾರೆ, ಅಲ್ಲಿ ಪೇಪರು ಓದಿ ನಾಲ್ಕು ಮಾತಾಡದೆ ಬರುವವರಲ್ಲ, ಅತ್ತೆಗೆ ಅದು ಸ್ನಾನದ ಹೊತ್ತು, ಬ್ಯಾಟರಿ ವಹಾಬ್ ಇವತ್ತೇ ಜೋಡಿಸುತ್ತಾನೆ, ಪೆಟ್ರೋಲು ತುಂಬಿಸಿ ಆಗಿದೆ, ಬ್ರೇಕು ಇವರೇ ಸರಿ ಮಾಡಿದ್ದು, ಇವರು ಸರಿ ಮಾಡಿದ್ದು ಹಿಡಿಯುತ್ತದೆ. ಎರಡು ಕ್ಲಿಪ್ಪು, ಮುಚ್ಚಳ, ಅಲ್ಲಾಡುವ ಆ ಅರ ಹಾಕಿದ್ದನ್ನು ತೆಗೆದು ಪಕ್ಕಕ್ಕಿಟ್ಟು — ಕರಡಿಗೆಯದ್ದನ್ನು ಕೊಡುವುದಿಲ್ಲ, ಅಡಗಿಸುವುದೂ ಇಲ್ಲ, ತನ್ನ ಕೈಯಿಂದಲೇ ಹಾಕುವುದು. ಎಡಗಾಲು ಮೆಲ್ಲ. ಅಂಗಳದ ಇಳಿಜಾರು, ಬೇಲಿಯ ದಣಪೆ, ರಸ್ತೆ, ಸಿದ್ಧಕಟ್ಟೆಯ ಪೇಟೆ ದಾಟಿ ಮೂಡುಬಿದಿರೆಯ ಕಡೆಗೆ ಎಷ್ಟು ದೂರ ಮನಸ್ಸಿಗೆ ಸಾಕಾಗುತ್ತದೋ ಅಷ್ಟು ದೂರ, ಅಲ್ಲಿಂದ ತಿರುಗಿಸಿಕೊಂಡು ಬರುವುದು, ಹನೀಫಾನಿಗೆ ಇಂಜಿನಿನ ಸ್ವರ ಕೇಳಬೇಕಂತೆ, ಕೇಳಲಿ, ಇವರ ಹತ್ತಿರ ಅಂಗಳದಲ್ಲಿ ನಿಂತು ರಸ್ತೆಯ ಕಡೆಯಿಂದ ಬರುವುದನ್ನು ಕೇಳಲಿ, ಓಡಿಸುವವರು ಯಾರು ಎಂದು ಆಮೇಲೆ ಕೇಳುವಂತಿಲ್ಲ ಯಾರೂ, ನಗುವವರು ನಗಲಿ, ತಾನು ನಗುವುದಿಲ್ಲ. ಸ್ಟೂಲಿನ ಮೇಲೆಯೇ ಬಲಗಾಲಿನ ಹೆಬ್ಬೆರಳು ಮರವನ್ನು ಒತ್ತಿ ಹಿಡಿದಿದೆ ಎಂದು ಆಗ ಗೊತ್ತಾಯಿತು. ಇಳಿದಳು. ಆಯಿತಾ ಬೆಣ್ಣೆ, ಎಂದರು ಅತ್ತೆ. ಆಯಿತು ಅತ್ತೆ, ಎಂದಳು. ಬಾವಿಕಟ್ಟೆಯಲ್ಲಿ ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಅಂಗೈಯ ಗೆರೆಗಳಲ್ಲಿ ಮಸಿ ಹಾಗೆಯೇ ನಿಂತಿತು, ಬೆಳಕಿಗೆ ಹಿಡಿದು ನೋಡಿದಳು, ಬೆರಳು ಬಿಡಿಸಿ, ನೀರು ತೊಟ್ಟಿಕ್ಕುತ್ತ, ತನ್ನದೇ, ಆದರೆ ತನ್ನದಲ್ಲ, ಕಾರಿನ ಕಿಟಕಿಯ ಆಚೆ, ಸುಣ್ಣದ ಹೆಬ್ಬೆರಳು, ಖಾಲಿ, ಇನ್ನೂ ಹಿಂದಕ್ಕೆ ತೆಗೆಯದೆ ಇರುವ, ಚಾಚಿದ ಅಂಗೈ —