ಅಲರ್ಜಿ: ಇಲ್ಲ

ಪುಟದ ಕೊನೆಯಲ್ಲಿ ‘ಅಲರ್ಜಿ’ ಅಂತ ಒಂದು ಪೆಟ್ಟಿಗೆ. ಅದನ್ನು ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಿನ ರೋಗಿಗೆ ಹೋಗುವುದಿಲ್ಲ. ಹಠ ಹಿಡಿದ ಮಗುವಿನ ಹಾಗೆ ಅಲ್ಲೇ ಕೂರುತ್ತದೆ. ತರಬೇತಿಯ ಮೊದಲ ದಿನವೇ ಮೇಷ್ಟ್ರು ಅದಕ್ಕೆ ಮದ್ದು ಹೇಳಿಕೊಟ್ಟಿದ್ದರು.

“ಡಾಕ್ಟರ್ ಅಕ್ಷರ ಓದೋಕಾಗ್ಲಿಲ್ವಾ? ‘ಇಲ್ಲ’ ಅಂತ ಒತ್ತಿ, ಮುಂದೆ ಹೋಗಿ. ಇವೆಲ್ಲ ಸುಳ್ಳು ರೋಗಿಗಳು. ಕೈ ಪಳಗ್ಲಿ ಅಂತ ಅಷ್ಟೆ.”

ಪರದೆಯ ಎಡಕ್ಕೆ ಹಳೆಯ ಫೈಲಿನ ಚಿತ್ರ, ಹೆಸರಿನ ಮೇಲೆ ಕಪ್ಪು ಪಟ್ಟಿ. ಬಲಕ್ಕೆ ನಾವು ಟೈಪ್ ಮಾಡುವ ಜಾಗ. ಆರು ವಾರ, ದಿನಕ್ಕೆ ನೂರು ರೋಗಿಗಳು. ಮುಗಿಸಿದರೆ ಸರ್ಟಿಫಿಕೇಟ್, ಅದಿದ್ದರೆ ಎದುರಿನ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ. ನನ್ನ ಪಕ್ಕದ ಕುರ್ಚಿಯಲ್ಲಿ, ಸೊಂಟ ನೋವಿಗೆ ನರ್ಸ್ ಕೆಲಸ ಬಿಟ್ಟು ಬಂದ ಅಕ್ಕ. ಮಾತಿಗೊಂದು ಸಿನಿಮಾ ಡೈಲಾಗ್ ಹೊಡೆಯುತ್ತಿದ್ದ ನನ್ನನ್ನು ಎಲ್ಲರೂ ಕರೆಯುತ್ತಿದ್ದದ್ದು ಡೈಲಾಗ್ ಅಂತ.

ಬೇಜಾರು ಬಂದಾಗ ‘ಇಲ್ಲ’ದ ಬದಲು ನನ್ನದೇ ಹಾಕುತ್ತಿದ್ದೆ. ‘ವಿಲನ್ ನಕ್ಕರೆ ಮೈಯೆಲ್ಲ ತುರಿಕೆ.’ ‘ಸೆಕೆಂಡ್ ಹಾಫ್ ಆಗಿಬರಲ್ಲ.’

“ಲೋ ಕಪಿ, ಕೆಲಸ ಸಿಗೋಕೆ ಮುಂಚೇನೇ ಹೋಗುತ್ತೆ ಕಣೋ,” ಅನ್ನುತ್ತಿದ್ದರು ಅಕ್ಕ.

“ಸುಳ್ಳು ರೋಗಿಗೆ ಸುಳ್ಳು ಕಾಯಿಲೆ ಅಕ್ಕಾ. ಜೋಡಿ ಚೆನ್ನಾಗಿದೆ.”

ಐದನೇ ವಾರ ಚಿಕ್ಕಮ್ಮನ ಅಂಗಾಲಿಗೆ ಮೊಳೆ ಚುಚ್ಚಿ ಕೀವಾಯಿತು. ಅದೇ ಎದುರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಇಂಜೆಕ್ಷನ್ ಕೋಣೆಯ ನರ್ಸ್ ಸಿರಿಂಜಿಗೆ ಔಷಧ ಎಳೆದುಕೊಂಡು, ಪರದೆ ನೋಡಿ, ನಿಂತಳು.

“ಏನಮ್ಮ ಇದು? ವಿಲನ್ ನಕ್ಕರೆ ತುರಿಕೆಯಂತೆ?”

ಚಿಕ್ಕಮ್ಮ ನಕ್ಕಳು. “ತುರಿಕೆ ಗಿರಿಕೆ ಏನಿಲ್ಲ. ಪೆನಿಸಿಲಿನ್ ಮಾತ್ರ ಆಗಲ್ಲ. ಹಿಂದೆ ಒಂದ್ಸಲ ಚುಚ್ಚಿದಾಗ ಗಂಟಲು ಕಟ್ಟಿ, ಎರಡು ದಿನ ಇಲ್ಲೇ ಬಿದ್ದಿದ್ದೆ. ಫೈಲಲ್ಲಿ ಬರ್ಕೊಂಡಿದ್ರಲ್ಲ?”

ನರ್ಸ್ ಸಿರಿಂಜನ್ನು ಮೆಲ್ಲಗೆ ಕಸದ ಡಬ್ಬಿಗೆ ಹಾಕಿದಳು. ಅದರೊಳಗೆ ಇದ್ದದ್ದು ಅದೇ.

ಬರೆದದ್ದು ನಾನು ಅಂತ ಬಾಯಿ ಬಿಡಲಿಲ್ಲ. ದಾರಿಯುದ್ದಕ್ಕೂ ಒಂದೇ ಯೋಚನೆ. ಕಪಿಚೇಷ್ಟೆ ಕಂಡಿದ್ದಕ್ಕೆ ನರ್ಸ್ ಕೇಳಿದಳು. ಮೇಷ್ಟ್ರ ಮಾತು ಕೇಳಿ ‘ಇಲ್ಲ’ ಅಂತ ಒತ್ತಿದ್ದರೆ ಕೇಳುತ್ತಲೇ ಇರಲಿಲ್ಲ. ಅಂಥವು ಎಷ್ಟು ಒತ್ತಿದ್ದೆ?

ಮರುದಿನ ಮೇಷ್ಟ್ರ ಮೇಜಿನ ಮುಂದೆ ನಿಂತೆ.

“ವಿಲನ್ ನಕ್ಕರೆ ತುರಿಕೆ ಅಂತ ನಾನು ಬರೆದ ನಿಮ್ಮ ಸುಳ್ಳು ರೋಗಿ ನಮ್ಮನೇಲಿ ಕಾಲು ಚಾಚ್ಕೊಂಡು ಕೂತಿದಾಳೆ ಸರ್. ನನಗೆ ಚಿಕ್ಕಮ್ಮ ಆಗ್ಬೇಕು.”

ಮೇಷ್ಟ್ರು ಬಾಗಿಲ ಕಡೆ ನೋಡಿದರು. “ಮೆಲ್ಲಗೆ ಮಾತಾಡು.”

“ಆಸ್ಪತ್ರೆ ಕೆಲಸ ನಮ್ಮ ಕೈಲಿ ಬಿಟ್ಟಿ ಮಾಡಿಸ್ಕೊಂಡ್ರಿ, ಹಾಳಾಗೋಗ್ಲಿ. ನಿಜವಾದ ರೋಗಿಗಳು ಅಂತ ಒಂದು ಮಾತು ಹೇಳಿದ್ರೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಓದ್ತಿದ್ವಿ. ಯಾಕೆ ನುಂಗಿದ್ರಿ?”

“ನಿಜ ಅಂದಿದ್ರೆ ಹೆದರ್ಕೊಂಡು ದಿನಕ್ಕೆ ಇಪ್ಪತ್ತು ಮಾಡ್ತಿದ್ರಿ. ಮತ್ತೆ ಕೇಳು, ವಿಲನ್ ಗಿಲನ್ ಅಂತ ಬರೆದೋನು ನಾನಲ್ಲ. ಇನ್ನೊಂದು ವಾರ ಬಾಯಿ ಮುಚ್ಕೊಂಡಿರು, ಸರ್ಟಿಫಿಕೇಟ್ ತಗೊಂಡು ಹೋಗು.”

ಆ ಮಾತು ನೆಟ್ಟಗೆ ಎದೆಗೆ ನಾಟಿತು, ನಿಜವಾಗಿತ್ತಲ್ಲ. ಹೋಗಿ ಕೂತು, ನನ್ನ ಮೊದಲ ದಿನದ ಮೊದಲ ರೋಗಿಯನ್ನು ತೆರೆದು ‘ಇಲ್ಲ’ವನ್ನು ಅಳಿಸಿದೆ.

“ಅದನ್ನ ಮುಟ್ಟಿದ್ರೆ ಸರ್ಟಿಫಿಕೇಟ್ ಇಲ್ಲ,” ಅಂದರು ಮೇಷ್ಟ್ರು ಹಿಂದಿನಿಂದ.

“‘ಇಲ್ಲ’ ಅಂತ ಒತ್ತಿ ಸರ್, ಮುಂದೆ ಹೋಗಿ.”

ಅಕ್ಕ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. “ಸರಿಯೋ ಆ ಕಡೆ. ಇದು ಸಲ್ಫಾ ಮಾತ್ರೆ ಆಗಲ್ಲ ಅಂತ ಬರ್ದಿರೋದು. ಈ ಕೋಳಿಕಾಲು ಅಕ್ಷರಾನ ಇಪ್ಪತ್ತು ವರ್ಷ ಓದಿದೀನಿ. ಮುಂದಿನದು ತೆಗಿ.”

ಹನ್ನೊಂದನೆಯ ರೋಗಿಗೆ ಬರುವಷ್ಟರಲ್ಲಿ ಪರದೆ ಕಪ್ಪಾಯಿತು. ಮೇಷ್ಟ್ರು ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದರು.

ನಾವಿಬ್ಬರೂ ಎದ್ದೆವು. ಅಕ್ಕ ಸೊಂಟ ಹಿಡಿದುಕೊಂಡು ಮೂರು ಮಹಡಿ ಇಳಿದರು, ಪ್ರತಿ ಮೆಟ್ಟಿಲಿಗೂ ಮೇಷ್ಟ್ರಿಗೆ ಒಂದೊಂದು ಬೈಗುಳ. ರಸ್ತೆ ದಾಟಿ ಇಂಜೆಕ್ಷನ್ ಕೋಣೆಯ ಬಾಗಿಲಲ್ಲಿ ನಿಂತೆವು. ಅದೇ ನರ್ಸ್. ಒಳಗೆ ಒಬ್ಬ ಮುದುಕ ತೋಳು ಮಡಚಿ ಕಾಯುತ್ತಿದ್ದ.

“ಒಂದು ನಿಮಿಷ,” ಅಂದೆ. “ಅಲರ್ಜಿ ‘ಇಲ್ಲ’ ಅಂತಿದ್ರೆ ನಂಬಬೇಡಿ. ಅದನ್ನ ಬರೆದಿರೋದು ನಾನು.”